ಕಿರಮಂಜಿ ಕಸಬಾ: ಅಜರ್‌ಬೈಜಾನಿನ ಬೆಟ್ಟದ ಯಹೂದಿಗಳ ಊರಿಗೆ ಹೋಗುವವರಿಗೆ ಒಂದು ಕೈಪಿಡಿ

ಅಜರ್‌ಬೈಜಾನಿನ ರಾಜಧಾನಿ ಬಾಕುವಿನಿಂದ ಉತ್ತರಕ್ಕೆ ಸುಮಾರು 170 ಕಿಲೋಮೀಟರ್ ದೂರದಲ್ಲಿ, ಕಾಕಸಸ್ ಪರ್ವತಗಳ ತಪ್ಪಲಿನಲ್ಲಿ, ಗುಬಾ ಎಂಬ ಪಟ್ಟಣವಿದೆ. ಪಟ್ಟಣದ ಬದಿಯಲ್ಲಿ ಗುದ್ಯಾಲ್‌ಚಾಯ್ ನದಿ ಹರಿಯುತ್ತದೆ. ನದಿಯ ಒಂದು ದಡದಲ್ಲಿ ಮುಸ್ಲಿಮರ ಗುಬಾ, ಇನ್ನೊಂದು ದಡದಲ್ಲಿ ಯಹೂದಿಗಳ ಊರು. ಆ ಊರಿನ ಹೆಸರು ಗಿರ್ಮಿಜಿ ಗಸಬಾ. ಕನ್ನಡಿಗರಿಗೆ ಈ ಹೆಸರಿನ ಅರ್ಥ ಹೇಳಲು ನಿಘಂಟು ಬೇಕಿಲ್ಲ. ಗಸಬಾ ಎಂದರೆ ನಮ್ಮ ತಾಲ್ಲೂಕುಗಳ ಕಸಬಾ ಹೋಬಳಿಯಲ್ಲಿರುವ ಅದೇ ಕಸಬಾ. ಗಿರ್ಮಿಜಿ ಎಂದರೆ ಬಟ್ಟೆಗೆ ಹಾಕುವ ಕೆಂಪು ಬಣ್ಣವನ್ನು ಹೇಳುವಾಗ ನಮ್ಮ ಹಿರಿಯರು ಬಳಸುತ್ತಿದ್ದ ಕಿರಮಂಜಿ. ಎರಡೂ ಪದಗಳು ಅರಬ್ಬಿ, ಪಾರ್ಸಿಗಳ ದಾರಿಯಲ್ಲಿ ಆ ಕಡೆಗೂ ಹೋದವು, ಈ ಕಡೆಗೂ ಬಂದವು. ಊರಿನ ಒಳಭಾಗಗಳನ್ನು ಅಲ್ಲಿಯವರು ಮಹಲ್ಲಾ ಎನ್ನುತ್ತಾರೆ, ಮೈಸೂರಿನವರು ಮಂಡಿ ಮೊಹಲ್ಲಾ, ಲಷ್ಕರ್ ಮೊಹಲ್ಲಾ ಎನ್ನುವ ಹಾಗೆಯೇ.

ಈ ಊರಿನ ಬಗ್ಗೆ ಎರಡು ಬಗೆಯ ಬರಹಗಳು ಸುಲಭವಾಗಿ ಸಿಗುತ್ತವೆ. ಒಂದು ಬಗೆಯದು, ಮುಸ್ಲಿಂ ಬಹುಸಂಖ್ಯಾತರ ದೇಶದಲ್ಲಿ ಯಹೂದಿಗಳು ನೆಮ್ಮದಿಯಿಂದಿದ್ದಾರೆ ಎಂದು ತೋರಿಸಲು ಇಡೀ ಊರನ್ನು ಸಾಕ್ಷಿಕಟ್ಟೆಗೆ ಹತ್ತಿಸುತ್ತದೆ. ಇನ್ನೊಂದು ಬಗೆಯದು, ಅಳಿದುಹೋಗುತ್ತಿರುವ ಜನರ ಕೊನೆಯ ಕುರುಹು ಎಂದು ಮರುಗುತ್ತದೆ. ಎರಡರಲ್ಲೂ ನಿಜವಿದೆ. ಆದರೆ ದುಡಿಯಲು ಊರು ಬಿಟ್ಟವರು ಮನೆಗೆ ಬೀಗ ಹಾಕಿ, ವರ್ಷಕ್ಕೊಮ್ಮೆ ಬಂದು ಬಾಗಿಲು ತೆಗೆಯುವ ಊರುಗಳನ್ನು ಮಲೆನಾಡಿನಲ್ಲಿ, ಕರಾವಳಿಯಲ್ಲಿ ಕಂಡವರು ಈ ಊರನ್ನು ಮೂರನೆಯ ಬಗೆಯಲ್ಲಿ ನೋಡಬಲ್ಲರು ಎಂದು ನಾನು ನಂಬಿದ್ದೇನೆ. ಹಾಗೆ ನೋಡಲು ಏನೇನು ತಿಳಿದಿರಬೇಕು, ಎಲ್ಲಿ ಹೇಗೆ ನಡೆದುಕೊಳ್ಳಬೇಕು, ಯಾವ ಮಾತನ್ನು ಎಷ್ಟರಮಟ್ಟಿಗೆ ನಂಬಬೇಕು ಎಂಬುದನ್ನು ಇಲ್ಲಿ ಬರೆದಿದ್ದೇನೆ. ಅಲ್ಲಿಗೆ ಹೋಗುವವರಿಗೂ, ಹೋಗದೆ ಆ ಜನರ ಬಗ್ಗೆ ಓದುವವರಿಗೂ ಬರೆಯುವವರಿಗೂ ಇದು ಉಪಯೋಗಕ್ಕೆ ಬಂದೀತು.

ಹೊರಡುವ ಮೊದಲು ಹೆಸರುಗಳನ್ನು ಸರಿಮಾಡಿಕೊಳ್ಳಿ

ಅಜರ್‌ಬೈಜಾನಿನಲ್ಲಿ ಯಹೂದಿಗಳದು ಒಂದೇ ಸಮುದಾಯ ಎಂದುಕೊಂಡು ಹೋದರೆ ಮೊದಲ ದಿನವೇ ಗೊಂದಲವಾಗುತ್ತದೆ. ಅಲ್ಲಿರುವುದು ಮೂರು ಸಮುದಾಯಗಳು. ಶತಮಾನಗಳಿಂದ ಕಾಕಸಸ್‌ನಲ್ಲೇ ಬಾಳಿದ, ಪಾರ್ಸಿಗೆ ಹತ್ತಿರದ ಜುಹುರಿ ಎಂಬ ನುಡಿಯನ್ನಾಡುವ ಬೆಟ್ಟದ ಯಹೂದಿಗಳು ಮೊದಲನೆಯವರು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಬಾಕುವಿನ ಎಣ್ಣೆ ಬಾವಿಗಳ ಸುತ್ತ ಉದ್ಯಮ ಬೆಳೆದಾಗ ರಷ್ಯಾ ಸಾಮ್ರಾಜ್ಯದ ಪಶ್ಚಿಮ ಭಾಗಗಳಿಂದ ಬಂದ ವೈದ್ಯರು, ಎಂಜಿನಿಯರುಗಳು, ವ್ಯಾಪಾರಿಗಳ ಸಂತತಿಯಾದ ಅಶ್ಕೆನಾಜಿಗಳು ಎರಡನೆಯವರು. ಜಾರ್ಜಿಯಾದಿಂದ ಬಂದ ಯಹೂದಿಗಳು ಮೂರನೆಯವರು, ಎಲ್ಲರಿಗಿಂತ ಕಡಿಮೆ ಸಂಖ್ಯೆಯವರು. ಭೌತವಿಜ್ಞಾನಿ ಲೆವ್ ಲಾಂಡೌ 1908ರಲ್ಲಿ ಬಾಕುವಿನಲ್ಲಿ ಹುಟ್ಟಿದ್ದು ಅಶ್ಕೆನಾಜಿಗಳ ಇಂಥದೇ ಒಂದು ಎಂಜಿನಿಯರ್ ಕುಟುಂಬದಲ್ಲಿ. 1918ರಿಂದ 1920ರವರೆಗೆ ಬಾಳಿದ ಮೊದಲ ಅಜರ್‌ಬೈಜಾನ್ ಗಣರಾಜ್ಯದಲ್ಲಿ ಆರೋಗ್ಯ ಮಂತ್ರಿಯಾಗಿದ್ದ ವೈದ್ಯ ಯೆವ್ಸೆಯ್ ಗಿಂದೆಸ್ ಕೂಡ ಯಹೂದಿಯೇ.

ಬೆಟ್ಟದ ಯಹೂದಿಗಳು ಎಂಬುದು ರಷ್ಯನ್ನರು ಕೊಟ್ಟ ಹೆಸರು. ತಮ್ಮನ್ನು ತಾವು ಅವರು ಜುಹುರೋ ಎಂದು ಕರೆದುಕೊಳ್ಳುತ್ತಾರೆ. ಇವೆರಡರ ಜೊತೆಗೆ ‘ತಾತ್’ ಎಂಬ ಮೂರನೆಯ ಹೆಸರೊಂದಿದೆ, ಅದರ ಹಿಂದಿನ ಕಥೆಯನ್ನು ತಿಳಿಯದೆ ಈ ಜನರ ಸಂಖ್ಯೆಯ ಬಗ್ಗೆ ಒಂದು ಮಾತನ್ನೂ ಆಡಬಾರದು. ಸೋವಿಯತ್ ಒಕ್ಕೂಟದೊಳಗೆ ಗುರುತಿನ ಪತ್ರವಾಗಿದ್ದ ಒಳನಾಡಿನ ಪಾಸ್‌ಪೋರ್ಟಿನ ಐದನೆಯ ಸಾಲಿನಲ್ಲಿ ಪ್ರತಿಯೊಬ್ಬರ ಜನಾಂಗವನ್ನು ಬರೆಯಲಾಗುತ್ತಿತ್ತು. ಅಲ್ಲಿ ಯಹೂದಿ ಎಂದು ಬರೆಸಿಕೊಂಡವರಿಗೆ ವಿಶ್ವವಿದ್ಯಾಲಯದ ಸೀಟು, ಒಳ್ಳೆಯ ಹುದ್ದೆಗಳು ಕೈತಪ್ಪುವ ಭಯವಿತ್ತು. ಬೆಟ್ಟದ ಯಹೂದಿಗಳ ನುಡಿಗೆ ಹತ್ತಿರದ ನುಡಿಯಾಡುವ ತಾತ್ ಎಂಬ ಮುಸ್ಲಿಂ ಸಮುದಾಯ ಅಜರ್‌ಬೈಜಾನಿನಲ್ಲಿದೆ. ನುಡಿಯ ಈ ನಂಟನ್ನು ಹಿಡಿದು ಅನೇಕ ಬೆಟ್ಟದ ಯಹೂದಿಗಳು ಆ ಸಾಲಿನಲ್ಲಿ ತಾತ್ ಎಂದು ಬರೆಸಿಕೊಂಡರು, ಆಡಳಿತವೂ ಹಾಗೆ ಬರೆಯುವುದನ್ನು ಪ್ರೋತ್ಸಾಹಿಸಿತು. ಅದೇ ಹೆಸರು ಒಮ್ಮೆ ಪ್ರಾಣವನ್ನೂ ಉಳಿಸಿತ್ತು. 1942ರಲ್ಲಿ ಜರ್ಮನ್ ಸೇನೆ ಉತ್ತರ ಕಾಕಸಸ್‌ಗೆ ಬಂದಾಗ ಬೊಗ್ದಾನೊವ್ಕಾ ಎಂಬ ಹಳ್ಳಿಯ ಬೆಟ್ಟದ ಯಹೂದಿಗಳನ್ನು ಗುಂಡಿಟ್ಟು ಕೊಂದರು. ನಾಲ್ಚಿಕ್ ನಗರದವರು ಮಾತ್ರ ತಾವು ತಾತ್ ಜನಾಂಗದವರು, ಯಹೂದಿ ಕುಲದವರಲ್ಲ ಎಂದು ವಾದಿಸಿ, ನೆರೆಹೊರೆಯವರಿಂದಲೂ ಹಾಗೆಯೇ ಹೇಳಿಸಿ ಬಹುಪಾಲು ಬದುಕುಳಿದರು. ಬಾಕುವಿನ ಎಣ್ಣೆಯೇ ಆ ದಂಡಯಾತ್ರೆಯ ಗುರಿಯಾಗಿದ್ದರೂ ಜರ್ಮನ್ನರು ಅಜರ್‌ಬೈಜಾನಿನೊಳಗೆ ಕಾಲಿಡಲಾಗಲಿಲ್ಲ, ಆದ್ದರಿಂದ ಗುಬಾದ ಯಹೂದಿಗಳಿಗೆ ಆ ಗತಿ ಬರಲಿಲ್ಲ.

ಈ ಹಿನ್ನೆಲೆಯಿಟ್ಟುಕೊಂಡು ಅಂಕಿಗಳನ್ನು ಓದಿ. 1999ರ ಜನಗಣತಿಯಲ್ಲಿ ಅಜರ್‌ಬೈಜಾನಿನ ಯಹೂದಿಗಳ ಸಂಖ್ಯೆ ಸುಮಾರು 8,900, 2009ರಲ್ಲಿ ಸುಮಾರು 9,100, 2019ರಲ್ಲಿ ಸುಮಾರು 5,100. ಪ್ರವಾಸಿ ಕೈಹೊತ್ತಗೆಗಳಲ್ಲಿ ಇಪ್ಪತ್ತು ಸಾವಿರ, ಮೂವತ್ತು ಸಾವಿರ ಎಂಬ ಮಾತುಗಳು ಈಗಲೂ ಕಾಣಿಸುತ್ತವೆ. ಇಷ್ಟು ಅಂತರ ಕಂಡಾಗ ಯಾರೋ ಸುಳ್ಳು ಹೇಳುತ್ತಿದ್ದಾರೆ ಎಂದು ತೀರ್ಮಾನಿಸುವ ಮೊದಲು ಮೂರು ಪ್ರಶ್ನೆ ಕೇಳಿಕೊಳ್ಳಿ: ಎಣಿಸಿದ್ದು ಜನಾಂಗವನ್ನೋ ಧರ್ಮವನ್ನೋ? ಮಿಶ್ರ ವಿವಾಹದ ಮಕ್ಕಳನ್ನು ಯಾವ ಲೆಕ್ಕಕ್ಕೆ ಸೇರಿಸಿದರು? ಮಾಸ್ಕೋದಲ್ಲಿ ಅಂಗಡಿಯಿಟ್ಟು ಊರಿನ ಮನೆಯನ್ನು ಉಳಿಸಿಕೊಂಡವನು ಎಲ್ಲಿಯವನು? ಸಮುದಾಯದ ಹಿರಿಯರು ಹೇಳುವ ದೊಡ್ಡ ಸಂಖ್ಯೆಯಲ್ಲಿ ಹಲವು ಬಾರಿ ಈ ಕೊನೆಯವನೂ ಇರುತ್ತಾನೆ, ಮತ್ತು ಅವನನ್ನು ಬಿಟ್ಟು ಎಣಿಸಲು ಅವರಿಗೆ ಮನಸ್ಸಾಗದಿರುವುದು ಸಹಜವೇ.

‘ಇಸ್ರೇಲಿನ ಹೊರಗೆ ಪೂರ್ತಿ ಯಹೂದಿಗಳೇ ಇರುವ ಜಗತ್ತಿನ ಏಕೈಕ ಊರು’ ಎಂಬ ವಾಕ್ಯವನ್ನೂ ಹಾಗೆಯೇ ನಕಲು ಮಾಡಬೇಡಿ. ಅಮೆರಿಕದ ನ್ಯೂಯಾರ್ಕ್ ರಾಜ್ಯದ ಕಿರ್ಯಾಸ್ ಜೋಯೆಲ್ ಬಹುತೇಕ ಪೂರ್ತಿಯಾಗಿ ಹಸಿದಿ ಎಂಬ ಕಟ್ಟಾ ಸಂಪ್ರದಾಯಸ್ಥ ಪಂಥದ ಯಹೂದಿಗಳ ಊರು. ಆದರೆ ಅದು ಇಪ್ಪತ್ತನೆಯ ಶತಮಾನದಲ್ಲಿ ಕಟ್ಟಿಕೊಂಡದ್ದು, ಇದು ಹದಿನೆಂಟನೆಯ ಶತಮಾನದಿಂದ ನಿಂತದ್ದು. ಈ ವ್ಯತ್ಯಾಸವನ್ನು ಹೇಳಿದರೆ ಸಾಕು, ಊರಿನ ಹಿರಿಮೆಗೆ ಏಕೈಕ ಎಂಬ ಪದದ ಹಂಗಿಲ್ಲ.

ಬಾಕುವಿನಲ್ಲಿ ಅರ್ಧ ದಿನ

ಭಾರತೀಯರು ಅಜರ್‌ಬೈಜಾನಿನ ವೀಸಾವನ್ನು ‘ಆಸಾನ್’ ಎಂಬ ಸರ್ಕಾರಿ ಜಾಲತಾಣದಲ್ಲೇ ಪಡೆಯಬಹುದು. ದೇಶದ ಭೂಗಡಿಗಳು 2020ರ ಮಾರ್ಚ್‌ನಿಂದ ಸಾಮಾನ್ಯ ಪ್ರಯಾಣಿಕರಿಗೆ ಮುಚ್ಚಿದ್ದರಿಂದ ವಿಮಾನದಲ್ಲಿ ಬಾಕುವಿಗೆ ಇಳಿಯುವುದೇ ದಾರಿ. ಹೊರಡುವ ಮುನ್ನ ಆಗಿನ ಸ್ಥಿತಿಯನ್ನು ವಿಚಾರಿಸಿಕೊಳ್ಳಿ. ಈ ಗಡಿ ಮುಚ್ಚುವಿಕೆ ಪ್ರವಾಸಿಗಿಂತ ಹೆಚ್ಚಾಗಿ ಸ್ಥಳೀಯರಿಗೆ ಹೊಡೆತ ಕೊಟ್ಟಿದೆ. ಗುಬಾದವರ ನೆಂಟರು ಗಡಿಯಾಚೆ ರಷ್ಯಾದ ದಾಗೆಸ್ತಾನದಲ್ಲಿ, ದೆರ್ಬೆಂತ್ ನಗರದಲ್ಲಿದ್ದಾರೆ. ಅವರನ್ನು ನೋಡಲು ಹಿಂದೆ ಕೆಲವೇ ಗಂಟೆಗಳ ರಸ್ತೆ ಪ್ರಯಾಣ ಸಾಕಾಗುತ್ತಿತ್ತು.

ಬಾಕುವಿನಲ್ಲಿ ಎರಡು ತಾಣಗಳನ್ನು ನೋಡಿಯೇ ಗುಬಾಕ್ಕೆ ಹೊರಡಿ. ರಶೀದ್ ಬೆಹ್ಬುದೊವ್ ಹೆಸರಿನ ಹಾಡುಗಾರಿಕೆಯ ರಂಗಮಂದಿರ ಮೊದಲನೆಯದು. ಕಂಬಗಳ ಸಾಲಿರುವ ಆ ಕಟ್ಟಡ 1910ರಲ್ಲಿ ಸಿನಗಾಗ್, ಅಂದರೆ ಯಹೂದಿಗಳ ಪ್ರಾರ್ಥನಾ ಮಂದಿರ, ಆಗಿ ಕಟ್ಟಿದ್ದು, ಸೋವಿಯತ್ ಆಡಳಿತ ಅದನ್ನು ಸಮುದಾಯದ ಕೈಯಿಂದ ತೆಗೆದುಕೊಂಡಿತು. ಈಗಲೂ ಅಲ್ಲಿ ಹಾಡು ಕೇಳುತ್ತದೆ, ಪ್ರಾರ್ಥನೆ ಕೇಳುವುದಿಲ್ಲ. ಸ್ವಾತಂತ್ರ್ಯದ ನಂತರ ಅಶ್ಕೆನಾಜಿ ಮತ್ತು ಜಾರ್ಜಿಯನ್ ಯಹೂದಿಗಳಿಗಾಗಿ 2003ರಲ್ಲಿ, ಬೆಟ್ಟದ ಯಹೂದಿಗಳಿಗಾಗಿ 2011ರಲ್ಲಿ ಬೇರೆ ಸಿನಗಾಗ್‌ಗಳು ತೆರೆದವು. ಎರಡನೆಯದನ್ನು ಸರ್ಕಾರವೇ ಕಟ್ಟಿಸಿಕೊಟ್ಟಿತು. ಕಸಿದುಕೊಂಡದ್ದು, ಕೊಟ್ಟದ್ದು ಎರಡೂ ಒಂದೇ ನಗರದಲ್ಲಿ ನಡೆದುಹೋಗುವಷ್ಟು ಹತ್ತಿರದಲ್ಲಿವೆ.

ಎರಡನೆಯ ತಾಣ, ನಗರದ ಎತ್ತರದಲ್ಲಿರುವ ಹುತಾತ್ಮರ ಓಣಿ. ಅಲ್ಲಿನ ಸಮಾಧಿಗಳ ನಡುವೆ ಆಲ್ಬರ್ಟ್ ಅಗರುನೊವ್‌ನ ಸಮಾಧಿಯಿದೆ. 1969ರಲ್ಲಿ ಹುಟ್ಟಿದ ಈ ಬೆಟ್ಟದ ಯಹೂದಿ ತರುಣ ಟ್ಯಾಂಕ್ ದಳದಲ್ಲಿದ್ದು, ಅರ್ಮೇನಿಯನ್ನರೊಡನೆ ನಡೆದ ಕರಾಬಾಖ್ ಯುದ್ಧದಲ್ಲಿ, 1992ರ ಮೇ ತಿಂಗಳ ಶುಶಾ ಪಟ್ಟಣದ ಕಾಳಗದಲ್ಲಿ ಮಡಿದ. ಅವನಿಗೆ ದೇಶದ ರಾಷ್ಟ್ರವೀರ ಬಿರುದು ಸಂದಿತು, 2019ರಲ್ಲಿ ಬಾಕುವಿನಲ್ಲಿ ಪ್ರತಿಮೆಯೂ ನಿಂತಿತು. ಅಲ್ಪಸಂಖ್ಯಾತರ ದೇಶನಿಷ್ಠೆಗೆ ಸಾಕ್ಷಿಯಾಗಿ ಅವನ ಹೆಸರನ್ನು ಭಾಷಣಗಳಲ್ಲಿ ಮತ್ತೆ ಮತ್ತೆ ತರುತ್ತಾರೆ. ಸಮಾಧಿಯ ಮುಂದೆ ನಿಂತಾಗ ಆತ ಇಪ್ಪತ್ಮೂರರ ಆಸುಪಾಸಿನ ಹುಡುಗನಾಗಿದ್ದ ಎಂಬುದನ್ನು ನೆನೆಯಿರಿ.

ದಿನ ಮತ್ತು ದಾರಿ

ಬಾಕುವಿನ ಬಸ್ ನಿಲ್ದಾಣದಿಂದ ಗುಬಾಕ್ಕೆ ಮಿನಿಬಸ್ಸುಗಳಿವೆ, ಬಾಡಿಗೆ ಕಾರುಗಳೂ ಸಿಗುತ್ತವೆ. ಎರಡೂವರೆಯಿಂದ ಮೂರು ಗಂಟೆಯ ದಾರಿ. ಒಂದೇ ದಿನದಲ್ಲಿ ಹೋಗಿಬರುವ ಆತುರ ಬೇಡ. ರಾತ್ರಿ ಗುಬಾದಲ್ಲಿ ಉಳಿದು ಬೆಳಿಗ್ಗೆ ನಡೆದೇ ನದಿ ದಾಟಿ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಇಟ್ಟಿಗೆಯಿಂದ ಕಟ್ಟಿದ, ಹದಿನಾಲ್ಕು ಕಮಾನುಗಳ ಹಳೆಯ ಸೇತುವೆಯ ಮೇಲೆ ನಡೆದಾಗಲೇ ಎರಡು ಊರುಗಳು ಎಷ್ಟು ಹತ್ತಿರ, ಎಷ್ಟು ಬೇರೆ ಎಂಬುದು ತಿಳಿಯುತ್ತದೆ.

ಶುಕ್ರವಾರ ಸಂಜೆ ಸೂರ್ಯ ಮುಳುಗಿದ ಮೇಲಿಂದ ಶನಿವಾರ ರಾತ್ರಿಯವರೆಗೆ ಸಬ್ಬತ್, ಯಹೂದಿಗಳ ವಾರದ ವಿಶ್ರಾಂತಿಯ ದಿನ. ಆ ಹೊತ್ತಿನಲ್ಲಿ ಕ್ಯಾಮೆರಾ, ಮೊಬೈಲ್ ಹೊರಗೆ ತೆಗೆಯಬೇಡಿ, ಪ್ರಾರ್ಥನೆಗೆ ಬಂದವರನ್ನು ಸಂದರ್ಶನಕ್ಕೆ ಹಿಡಿದು ನಿಲ್ಲಿಸಬೇಡಿ. ಸೋಮವಾರದಿಂದ ಗುರುವಾರದೊಳಗೆ ಹೋದರೆ ಎಲ್ಲರಿಗೂ ಅನುಕೂಲ. ಊರು ತುಂಬಿರುವುದನ್ನು ನೋಡಬೇಕೆಂದರೆ ಬೇಸಿಗೆಯಲ್ಲಿ, ಯಹೂದಿ ಪಂಚಾಂಗದ ಆವ್ ತಿಂಗಳ ಒಂಬತ್ತನೆಯ ದಿನದ ಸುತ್ತಮುತ್ತ ಹೋಗಬೇಕು. ಇಂಗ್ಲಿಷ್ ಕ್ಯಾಲೆಂಡರಿನಲ್ಲಿ ಅದು ಜುಲೈ ಅಥವಾ ಆಗಸ್ಟ್‌ನಲ್ಲಿ ಬರುತ್ತದೆ. ಆ ದಿನದ ಬಗ್ಗೆ ಮುಂದೆ ಹೇಳುತ್ತೇನೆ. ಚಳಿಗಾಲದಲ್ಲಿ ಹೋದರೆ ಬೀಗ ಹಾಕಿದ ದೊಡ್ಡ ದೊಡ್ಡ ಮನೆಗಳ ಬೀದಿಗಳು ಕಾಣಿಸುತ್ತವೆ.

ಆ ಮನೆಗಳ ಮುಂದೆ ಸ್ವಲ್ಪ ನಿಲ್ಲಿ. ಊರು ಹುಟ್ಟಿದ್ದು ಹದಿನೆಂಟನೆಯ ಶತಮಾನದಲ್ಲಿ, ಗುಬಾದ ಖಾನರ ಆಶ್ರಯದಲ್ಲಿ. 1758ರಿಂದ 1789ರವರೆಗೆ ಆಳಿದ ಫತಲಿ ಖಾನನ ಹೆಸರನ್ನು ಊರಿನವರು ಇಂದಿಗೂ ಗೌರವದಿಂದ ಹೇಳುತ್ತಾರೆ. ಸುತ್ತಲಿನ ಹಳ್ಳಿಗಳಿಂದ, ಇರಾನಿನ ಗಿಲಾನ್ ಪ್ರಾಂತ್ಯದಿಂದ ಬಂದವರು ತಾವು ಬಿಟ್ಟುಬಂದ ಊರಿನ ಹೆಸರನ್ನೇ ತಂತಮ್ಮ ಮಹಲ್ಲಾಗಳಿಗೆ ಇಟ್ಟುಕೊಂಡರು, ಪ್ರತಿ ಮಹಲ್ಲಾಕ್ಕೂ ತನ್ನದೇ ಸಿನಗಾಗ್ ಇತ್ತು. ರಷ್ಯನ್ನರ ಕಾಲದಲ್ಲಿ ಊರಿನ ಹೆಸರು ಯಹೂದಿ ಪೇಟೆ ಎಂದಿತ್ತು, ಬೋಲ್ಷೆವಿಕರು ಕೆಂಪು ಸೇನೆಯ ನೆನಪಿಗೆ ಅದನ್ನು ಕೆಂಪು ಪೇಟೆ ಮಾಡಿದರು. ಸೋವಿಯತ್ ಒಕ್ಕೂಟ ಒಡೆದಾಗ ಕರಾಬಾಖ್ ಯುದ್ಧ, ನಿರುದ್ಯೋಗ, ಹಣದುಬ್ಬರ ಒಟ್ಟಿಗೇ ಬಂದವು. ಊರಿನವರು ಇಸ್ರೇಲಿಗೆ, ಮಾಸ್ಕೋಗೆ, ನ್ಯೂಯಾರ್ಕಿನ ಬ್ರೂಕ್ಲಿನ್‌ಗೆ ಹೊರಟರು. ಅವರನ್ನು ನೆರೆಯವರು ಓಡಿಸಲಿಲ್ಲ, ಬದುಕು ಓಡಿಸಿತು. ಅದೇ ವರ್ಷಗಳಲ್ಲಿ ಅದೇ ಕಾರಣಕ್ಕೆ ಲಕ್ಷಾಂತರ ಮುಸ್ಲಿಂ ಅಜರ್‌ಬೈಜಾನಿಗಳೂ ರಷ್ಯಾದ ಮಾರುಕಟ್ಟೆಗಳಿಗೆ ದುಡಿಯಲು ಹೋದರು. ಮಾಸ್ಕೋದಲ್ಲಿ ಹಣ ಮಾಡಿದವರು ತಮ್ಮ ಹಳೆಯ ಅಂಗಳದಲ್ಲೇ ಬಂಗಲೆ ಕಟ್ಟಿಸಿದರು. ಅವೇ ಈ ಬೀಗದ ಮನೆಗಳು.

ಸಿನಗಾಗ್‌ನ ಒಳಗೆ

ಈಗ ಪ್ರಾರ್ಥನೆ ನಡೆಯುವುದು ಎರಡು ಸಿನಗಾಗ್‌ಗಳಲ್ಲಿ: 1888ರಲ್ಲಿ ಕಟ್ಟಿದ ಆರು ಗುಮ್ಮಟಗಳದು, 1896ರ ಗಿಲಾಕಿ ಮಹಲ್ಲಾದ್ದು. ಕರ್ಚೋಗಿ ಮಹಲ್ಲಾದ ಹಳೆಯ ಸಿನಗಾಗ್‌ನಲ್ಲಿ 2020ರಲ್ಲಿ ಬೆಟ್ಟದ ಯಹೂದಿಗಳ ವಸ್ತುಸಂಗ್ರಹಾಲಯ ತೆರೆಯಿತು. ಮೊದಲು ಅಲ್ಲಿಗೆ ಹೋದರೆ ಉಳಿದದ್ದನ್ನು ನೋಡುವ ಕಣ್ಣು ಸಿದ್ಧವಾಗುತ್ತದೆ.

ಆರು ಗುಮ್ಮಟಗಳ ಸಿನಗಾಗ್‌ನ ಬಾಗಿಲಲ್ಲಿ ಚಪ್ಪಲಿ ಕಳಚಬೇಕು. ನಮಗೆ ಇದು ಹೇಳಬೇಕಾದ ಮಾತೇ ಅಲ್ಲ, ಆದರೆ ಯೂರೋಪು ಅಮೆರಿಕಗಳ ಸಿನಗಾಗ್‌ಗಳಲ್ಲಿ ಬೆಳೆದ ಯಹೂದಿಗಳು ಇಲ್ಲಿ ಬಂದು ಬೆರಗಾಗುತ್ತಾರೆ, ಏಕೆಂದರೆ ಅವರಲ್ಲಿ ಬೂಟು ತೊಟ್ಟೇ ಒಳಹೋಗುವುದು ವಾಡಿಕೆ. ಒಳಗೆ ನೆಲದ ಉದ್ದಗಲಕ್ಕೂ ಕಾಕಸಸ್‌ನ ರತ್ನಗಂಬಳಿಗಳು. ಕಾಲಡಿಯಲ್ಲಿ ಮಸೀದಿಯ ಮೆತ್ತನೆ, ಕಣ್ಣೆದುರು ಹೀಬ್ರೂ ಅಕ್ಷರ, ಯಹೂದಿಗಳ ಧರ್ಮಗ್ರಂಥವಾದ ತೋರಾದ ಸುರುಳಿಗಳ ಪೆಟ್ಟಿಗೆ. ಇದನ್ನು ಮುಸ್ಲಿಂ ನೆರೆಯವರಿಂದ ಬಂದ ರೂಢಿ ಎಂದು ಕೆಲವರು ಹೇಳುತ್ತಾರೆ. ಉರಿಯುವ ಪೊದೆಯ ಮುಂದೆ ಕೆರ ಕಳಚು ಎಂದು ಮೋಶೆಗೆ ದೇವರೇ ಹೇಳಿದ್ದನಲ್ಲ ಎಂದು ಧರ್ಮಗ್ರಂಥದಿಂದ ಉತ್ತರ ಕೊಡುವವರೂ ಇದ್ದಾರೆ. ಕೊಚ್ಚಿಯ ಪರದೇಶಿ ಸಿನಗಾಗ್‌ಗೆ ಹೋದವರಿಗೆ ಅಲ್ಲಿಯೂ ಬರಿಗಾಲಲ್ಲೇ ಒಳಹೋದದ್ದು ನೆನಪಿರಬಹುದು. ಯಾವ ನೆಲದಲ್ಲಿ ಬಾಳುತ್ತಾರೋ ಆ ನೆಲದ ಮರ್ಯಾದೆಯನ್ನು ತಮ್ಮದಾಗಿಸಿಕೊಂಡ ಜನ ಇವರು ಎಂಬುದು ನನ್ನ ಎಣಿಕೆ.

ಗಂಡಸರು ತಲೆ ಮುಚ್ಚಿಕೊಳ್ಳಬೇಕು, ಬಾಗಿಲ ಬಳಿ ಟೋಪಿ ಸಿಗದಿದ್ದರೆ ಕರವಸ್ತ್ರವೂ ಆಗುತ್ತದೆ. ಹೆಂಗಸರು ಭುಜ ಮುಚ್ಚುವ ಉಡುಪು ತೊಟ್ಟು ಒಂದು ದುಪಟ್ಟಾ ಇಟ್ಟುಕೊಂಡಿರಲಿ. ತೋರಾ ಸುರುಳಿಯನ್ನು ಮುಟ್ಟಬಾರದು. ಫೋಟೋ ತೆಗೆಯುವ ಮುನ್ನ ಕೇಳಿ, ಮನುಷ್ಯರ ಮುಖವಿದ್ದರೆ ಎರಡು ಬಾರಿ ಕೇಳಿ. ಕಾಣಿಕೆ ಡಬ್ಬವಿದ್ದರೆ ಕೈಲಾದಷ್ಟು ಹಾಕಿ.

ಏನು ಕೇಳಬೇಕು, ಏನು ಕೇಳಬಾರದು

‘ಸಲಾಂ’ ಎಂದರೂ ನಡೆಯುತ್ತದೆ, ‘ಶಾಲೋಮ್’ ಎಂದರೂ ನಡೆಯುತ್ತದೆ. ರಷ್ಯನ್ ಬಲ್ಲ ಜೊತೆಗಾರರಿದ್ದರೆ ಹಿರಿಯರೊಡನೆ ಮಾತು ಸುಲಭ. ‘ನಿಮಗೆ ಇಲ್ಲಿ ಭಯವಿಲ್ಲವೇ’ ಎಂದು ಶುರು ಮಾಡಬೇಡಿ. ಬಂದ ಪ್ರತಿ ಪತ್ರಕರ್ತನೂ ಅದನ್ನೇ ಕೇಳಿರುತ್ತಾನೆ, ಉತ್ತರವೂ ಬಾಯಿಪಾಠವಾಗಿರುತ್ತದೆ. ಆ ಉತ್ತರ ಸುಳ್ಳೆಂದಲ್ಲ. 2024ರ ಜೂನ್‌ನಲ್ಲಿ ಗಡಿಯಾಚೆಯ ದೆರ್ಬೆಂತ್‌ನಲ್ಲಿ ಬಂದೂಕುಧಾರಿಗಳು ಸಿನಗಾಗ್‌ಗೆ ಬೆಂಕಿಯಿಟ್ಟರು. ಅಂಥದ್ದು ಗುಬಾದಲ್ಲಿ ಆಗಿಲ್ಲ, ಮತ್ತು ಆಗದಿರುವುದರಲ್ಲಿ ನೆರೆಹೊರೆಯ ಹಳೆಯ ಬಾಂಧವ್ಯದ ಪಾಲು ದೊಡ್ಡದು.

ಆದರೆ ರಾಜಕಾರಣದ ಪಾಲೂ ಇದೆ. ಇಸ್ರೇಲ್ 1991ರ ಡಿಸೆಂಬರ್‌ನಲ್ಲೇ ಅಜರ್‌ಬೈಜಾನಿಗೆ ಮಾನ್ಯತೆ ಕೊಟ್ಟಿತು, ಮರುವರ್ಷ ರಾಜತಾಂತ್ರಿಕ ಸಂಬಂಧ ಬೆಳೆಯಿತು. ಇಸ್ರೇಲಿನ ಕಚ್ಚಾ ಎಣ್ಣೆಯ ಒಂದು ದೊಡ್ಡ ಪಾಲು ಅಜರ್‌ಬೈಜಾನಿನಿಂದ ಹೋಗುತ್ತದೆ. ಸ್ಟಾಕ್‌ಹೋಮ್‌ನ ಶಾಂತಿ ಸಂಶೋಧನಾ ಸಂಸ್ಥೆಯ ಲೆಕ್ಕದಂತೆ 2016ರಿಂದ 2020ರ ನಡುವೆ ಅಜರ್‌ಬೈಜಾನ್ ಆಮದು ಮಾಡಿಕೊಂಡ ದೊಡ್ಡ ಆಯುಧಗಳಲ್ಲಿ 69 ಶೇಕಡಾ ಇಸ್ರೇಲಿನವು. ಆದರೂ ಟೆಲ್ ಅವೀವ್‌ನಲ್ಲಿ ಅಜರ್‌ಬೈಜಾನಿನ ರಾಯಭಾರ ಕಚೇರಿ ತೆರೆದದ್ದು 2023ರಲ್ಲಿ. ಇಂಥ ನಂಟಿನ ನಡುವೆ ಈ ಪುಟ್ಟ ಊರು ಎರಡು ಸರ್ಕಾರಗಳಿಗೂ ಅತಿಥಿಗಳಿಗೆ ತೋರಿಸುವ ಮನೆಯ ಜಗಲಿಯಾಗಿದೆ. ಪತ್ರಿಕೆಗಳಿಗೆ, ವಿರೋಧ ಪಕ್ಷಗಳಿಗೆ ಉಸಿರಾಡಲು ಜಾಗ ಕಡಿಮೆಯಿರುವ ದೇಶವದು. ಯಹೂದಿಗಳಿಗೆ ಯಹೂದಿಗಳಾಗಿ ತೊಂದರೆಯಿಲ್ಲದಿದ್ದರೂ ನಾಗರಿಕರಾಗಿ ಅವರಿಗೆ ಉಳಿದವರಿಗಿಂತ ಹೆಚ್ಚಿನ ಮಾತಿನ ಸ್ವಾತಂತ್ರ್ಯವೇನೂ ಇಲ್ಲ. ಆದ್ದರಿಂದ ಸರ್ಕಾರದ ಬಗ್ಗೆ, ಗಾಜಾದ ಬಗ್ಗೆ, ಕರಾಬಾಖ್ ಬಗ್ಗೆ ಅವರಿಂದ ಹೇಳಿಕೆ ತೆಗೆಯಲು ಹೋಗಬೇಡಿ. ಅವರೇ ಏನಾದರೂ ಹೇಳಿಕೊಂಡರೆ ಹೆಸರು, ಮನೆಯ ಗುರುತು ಬರೆಯಬೇಡಿ. ನೀವು ವಿಮಾನ ಹತ್ತುತ್ತೀರಿ, ಅವರು ಅಲ್ಲೇ ಇರುತ್ತಾರೆ.

ಅಡುಗೆಯ ಬಗ್ಗೆ ಕೇಳಿ, ಮಕ್ಕಳು ಎಲ್ಲಿದ್ದಾರೆಂದು ಕೇಳಿ, ಎಲ್ಲಕ್ಕಿಂತ ಮೊದಲು ನುಡಿಯ ಬಗ್ಗೆ ಕೇಳಿ. ಜುಹುರಿಯನ್ನು ಮೊದಲು ಹೀಬ್ರೂ ಲಿಪಿಯಲ್ಲಿ ಬರೆಯುತ್ತಿದ್ದರು. 1929ರ ಸುಮಾರಿಗೆ ಸೋವಿಯತ್ ಆಡಳಿತ ಅದನ್ನು ಲ್ಯಾಟಿನ್‌ಗೆ ಬದಲಿಸಿತು, 1938ರಲ್ಲಿ ಮತ್ತೆ ಸಿರಿಲಿಕ್‌ಗೆ. ಒಂದೇ ಮನೆಯಲ್ಲಿ ಅಜ್ಜ ಬರೆದದ್ದನ್ನು ಮಗ ಓದಲಾರ, ಮಗ ಕಲಿತದ್ದು ಹತ್ತು ವರ್ಷದಲ್ಲಿ ಕೆಲಸಕ್ಕೆ ಬಾರದು. ಒಂದೇ ಕೊಂಕಣಿಯನ್ನು ಕನ್ನಡದಲ್ಲಿ, ನಾಗರಿಯಲ್ಲಿ, ರೋಮನ್‌ನಲ್ಲಿ ಬರೆಯುವುದನ್ನು ಕಂಡ ನಮ್ಮ ಕರಾವಳಿಯವರಿಗೆ ಲಿಪಿಯ ತೊಡಕು ಹೊಸದಲ್ಲ, ಆದರೆ ಅಲ್ಲಿ ಆ ಬದಲಾವಣೆ ಮೇಲಿನಿಂದ ಬಂದ ಆಜ್ಞೆಯಾಗಿತ್ತು. ಈಗ ಯುನೆಸ್ಕೋ ಜುಹುರಿಯನ್ನು ಅಳಿವಿನಂಚಿನ ನುಡಿಗಳ ಪಟ್ಟಿಯಲ್ಲಿಟ್ಟಿದೆ. ಮೊಮ್ಮಕ್ಕಳು ಇಸ್ರೇಲಿನಲ್ಲಿ ಹೀಬ್ರೂ, ಮಾಸ್ಕೋದಲ್ಲಿ ರಷ್ಯನ್ ಆಡುತ್ತಾರೆ. ಒಂದು ಜೋಗುಳದ ಸಾಲನ್ನೋ ಬೈಗುಳದ ಮಾತನ್ನೋ ಹೇಳಿಕೊಡಿ ಎಂದು ಅಜ್ಜಿಯೊಬ್ಬರನ್ನು ಕೇಳಿ ನೋಡಿ. ದೇಶದ ಸಹಿಷ್ಣುತೆಯ ಬಗ್ಗೆ ಕೇಳಿದಾಗ ಸಿಗದ ಮಾತುಗಳು ಆಗ ಸಿಗುತ್ತವೆ.

ಗುಡ್ಡದ ಮೇಲಿನ ಸ್ಮಶಾನ

ಆವ್ ತಿಂಗಳ ಒಂಬತ್ತನೆಯ ದಿನ ಜೆರುಸಲೇಮಿನ ದೇವಾಲಯ ನಾಶವಾದದ್ದಕ್ಕಾಗಿ ಯಹೂದಿಗಳೆಲ್ಲ ಉಪವಾಸವಿದ್ದು ಶೋಕಿಸುತ್ತಾರೆ. ಬೆಟ್ಟದ ಯಹೂದಿಗಳು ಅದನ್ನು ಸುರುನಿ ಎನ್ನುತ್ತಾರೆ, ಮತ್ತು ಅಂದು ತಮ್ಮ ಸತ್ತವರ ಸಮಾಧಿಗಳಿಗೂ ಹೋಗುತ್ತಾರೆ. ಊರು ಬಿಟ್ಟವರು ಇಸ್ರೇಲಿನಿಂದ, ರಷ್ಯಾದಿಂದ, ಅಮೆರಿಕದಿಂದ ಆ ದಿನಕ್ಕಾಗಿ ಬರುತ್ತಾರೆ. ಬೀಗದ ಮನೆಗಳ ಬಾಗಿಲು ತೆರೆಯುತ್ತದೆ. ಆ ದಿನ ನೀವು ಅಲ್ಲಿದ್ದರೆ ದೂರದಲ್ಲಿ ನಿಲ್ಲಿ, ಕ್ಯಾಮೆರಾ ಬೇಡವೇ ಬೇಡ.

ಉಳಿದ ದಿನಗಳಲ್ಲಿ ನಿಧಾನವಾಗಿ ಸಮಾಧಿಗಳ ನಡುವೆ ನಡೆಯಬಹುದು. ಅಲ್ಲಿನ ಕಲ್ಲುಗಳನ್ನು ಓದಲು ಭಾಷೆ ಬರಬೇಕಿಲ್ಲ, ಲಿಪಿ ಗುರುತಿಸಿದರೆ ಸಾಕು. ಹಳೆಯ ಕಲ್ಲುಗಳಲ್ಲಿ ಹೀಬ್ರೂ ಅಕ್ಷರ ಮಾತ್ರ. ಸೋವಿಯತ್ ಕಾಲದವುಗಳಲ್ಲಿ ರಷ್ಯನ್ ಬರುತ್ತದೆ, ನಯಮಾಡಿದ ಕಪ್ಪು ಕಲ್ಲಿನ ಮೇಲೆ ಸತ್ತವರ ಮುಖವನ್ನೇ ಕೊರೆದಿರುತ್ತಾರೆ. ಸಮಾಧಿಯ ಮೇಲೆ ಚಿತ್ರ ಬಿಡಿಸುವುದು ಯಹೂದಿ ಸಂಪ್ರದಾಯಕ್ಕೆ ಒಗ್ಗದ ರೂಢಿ, ಸೋವಿಯತ್ ನಾಡಿನ ಎಲ್ಲರಂತೆ ಇವರೂ ಅದನ್ನು ಹಿಡಿದರು. ಸೂಟು ತೊಟ್ಟ ಗಂಡಸರು, ತಲೆಗೆ ವಸ್ತ್ರ ಕಟ್ಟಿದ ಅಜ್ಜಿಯರು ಕಲ್ಲಿನೊಳಗಿಂದ ನೇರವಾಗಿ ನೋಡುತ್ತಾರೆ.

ಹೂವು ತರಬೇಕಿಲ್ಲ. ಸಮಾಧಿಯ ಮೇಲೆ ಒಂದು ಸಣ್ಣ ಕಲ್ಲಿಡುವುದು ಯಹೂದಿಗಳ ಪದ್ಧತಿ, ನೀವೂ ಇಟ್ಟರೆ ಯಾರೂ ತಪ್ಪು ತಿಳಿಯುವುದಿಲ್ಲ. ಹೊರಬಂದ ಮೇಲೆ, ಮನೆಯೊಂದಕ್ಕೆ ಕಾಲಿಡುವ ಮೊದಲು, ಕೈ ತೊಳೆದುಕೊಳ್ಳಬೇಕು. ಗುಡ್ಡ ಹತ್ತುವಾಗಲೇ ಒಂದು ಬಾಟಲಿ ನೀರು ಜೊತೆಗಿಟ್ಟುಕೊಳ್ಳಿ.